ಒಂದೂವರೆ ತಾಸಿನ ಹಾದಿ

ಊರಿಗೆ ಹೊರಟವರು ಅಲ್ಲಿ ಮುಟ್ಟುವ ತನಕ ಮನೆಯ ಕಸ ಹೊಡೆಯಬಾರದು. ಹುಮನಾಬಾದಿನ ಕಮಳಾಬಾಯಿಯ ಮನೆಯಲ್ಲಿ ಈ ಕಟ್ಟಳೆಗೆ ರಿಯಾಯಿತಿಯೇ ಇರಲಿಲ್ಲ. ಮಗ ಮಚ್ಚೇಂದ್ರ ಬಂಡಿ ಹೂಡಿಕೊಂಡು ಕಲ್ಯಾಣಕ್ಕೆ ಹೋದನೆಂದರೆ ಸಂಜೆಯವರೆಗೂ ಕಸಬರಿಗೆ ಮುಟ್ಟುವಂತಿಲ್ಲ. ಕೋಳಿಗಳು ಕೆದರಿದ ಅಂಗಳ ನೋಡುತ್ತ ಸೊಸೆ ಸುಗಂಧಾ ಒಳಗೊಳಗೇ ಹಲ್ಲು ಕಡಿಯುತ್ತಿದ್ದಳು.

ಬ್ರಿಟಿಷರ ದೊಡ್ಡ ಲಡಾಯಿ ಶುರುವಾದ ಮೇಲೆ ಮಚ್ಚೇಂದ್ರ ಫೌಜಿನ ಕೂಲಿಯಾಗಿ ಉತ್ತರದ ತುದಿಯ ಗಿಲ್ಗಿಟ್ಟಿಗೆ ಹೋದ. ವಿಮಾನ ಇಳಿಯುವ ಬಯಲನ್ನು ಸಮ ಮಾಡುವ ಕೆಲಸ. ಒಂದು ಗುರುವಾರ ಅಲ್ಲಿಂದ ತಾರು ಬಂತು. ಮಚ್ಚೇಂದ್ರನಿಗೆ ಎದೆಬೇನೆ ವಿಪರೀತವಾಗಿದೆ, ನಾಳೆ ಬೆಳಿಗ್ಗೆ ವಿಮಾನದಲ್ಲಿ ಪೇಶಾವರದ ದೊಡ್ಡ ದವಾಖಾನೆಗೆ ಸಾಗಿಸುತ್ತೇವೆ ಎಂದಿತ್ತು.

ಓದಿ ಹೇಳಿದವನು ಓಣಿಯ ಜಲಾಲುದ್ದೀನ್. ಒಂದು ಕಾಲಕ್ಕೆ ಪೇಶಾವರದ ವಿಮಾನದವರಿಗೆ ಅಡುಗೆ ಮಾಡಿದ ಮನುಷ್ಯ. ಮಾತಿಗೆ ನಿಂತರೆ ವಿಮಾನವನ್ನೂ ತಾನೇ ಹಾರಿಸಿದಂತೆ ಹೇಳುವವನು.

"ಎಷ್ಟು ದೂರ ಆಗ್ತದ್ರಿ ಮಾಮಾ?" ಸುಗಂಧಾ ಕೇಳಿದಳು.

"ಆಕಾಶದ ಹಾದಿ ನೂರು ಕೋಸ. ಒಂದೂವರಿ ತಾಸು ಬೇಟಿ. ನೀ ರೊಟ್ಟಿ ಬಡದು ಏಳೂದ್ರಾಗ ಅಂವ ಅಲ್ಲಿ ಇಳಿದಿರ್ತಾನ."

"ಕಲ್ಯಾಣಕ್ಕ ಇಡೀ ದಿನ ಹಿಡೀತದ, ಇದು ಒಂದೂವರಿ ತಾಸಂತ!" ಕಮಳಾಬಾಯಿ ನಂಬಲಿಲ್ಲ.

ಶುಕ್ರವಾರ ಕಸಬರಿಗೆ ಮೂಲೆ ಬಿಡಲಿಲ್ಲ, ಒಲೆಯ ಬೂದಿ ಒಲೆಯಲ್ಲೇ ಉಳಿಯಿತು. ಗಂಡನ ಜೀವಕ್ಕಾಗಿ ಸುಗಂಧಾ ಮಾಡಬಹುದಾದದ್ದು ಇದೊಂದೇ. ಅದನ್ನು ಪ್ರಾಣ ಒತ್ತೆಯಿಟ್ಟವಳ ಹಾಗೆ ಮಾಡಿದಳು. ರೊಟ್ಟಿ ಮುಗಿದರೂ ಏಳಲಿಲ್ಲ. ಹೊತ್ತು ನೆತ್ತಿಗೇರಿದಾಗ ಅತ್ತೆಯೇ, "ಮುಟ್ಟಿರ್ತಾನ, ಹೊಡಿ ಇನ್ನ" ಎಂದಳು. ಸುಗಂಧಾ ಅಂಗಳವನ್ನಷ್ಟೇ ಅಲ್ಲ, ಖುಷಿಯ ಭರದಲ್ಲಿ ಓಣಿಯನ್ನೂ ಅರ್ಧ ಗುಡಿಸಿಬಿಟ್ಟಳು.

ಮಂಗಳವಾರ ಇನ್ನೊಂದು ತಾರು ಬಂತು. ಜಲಾಲುದ್ದೀನನೇ ಓದಿ ಹೇಳಿದ. ಮಚ್ಚೇಂದ್ರ ಪೇಶಾವರ ಮುಟ್ಟದೆ ಭಾನುವಾರ ಗಿಲ್ಗಿಟ್ಟಿನಲ್ಲೇ ತೀರಿಕೊಂಡಿದ್ದ. ಕಮಳಾಬಾಯಿ ಎದೆ ಬಡಿದುಕೊಂಡು ಚೀರಿದಳು. ಸುಗಂಧಾ ಮಾತ್ರ ತನ್ನ ಕೈಗಳನ್ನೇ ನೋಡುತ್ತ ನಿಂತಳು.

"ನಾನೇ ಕೊಂದೆ. ಅವರಿನ್ನಾ ಹಾದ್ಯಾಗ ಇದ್ದಾಗ ಕಸ ಹೊಡದೆ."

"ಇಲ್ಲ ಬೇಟಿ, ಅಂವ ಹಾದಿಗೇ ಬಿದ್ದಿಲ್ಲ." ಜಲಾಲುದ್ದೀನ್ ತಾರನ್ನು ಮತ್ತೊಮ್ಮೆ ಬಿಡಿಸಿ ನೋಡಿದ. "ಅಲ್ಲಿ ಮೋಡ ಕವಿದ್ರ ವಿಮಾನ ನೆಲಾ ಬಿಡೂದಿಲ್ಲ. ಶುಕ್ರವಾರದಿಂದ ಬಾಜೂಕ ವಿಮಾನ ನಿಲ್ಲಿಸ್ಕೊಂಡೇ ಮಲಗಿದ್ನಂತ. ಆ ಮೋಡದ ಮಾತು ನಿನಗ ಹೇಳಬೇಕಾಗಿತ್ತು ನಾ."

"ಹಂಗಾರ ನಾ ಹೊಡೀದೇ ಇದ್ರ?"

"ಹೊಡೀದೇ ಇದ್ರೂ ಅಷ್ಟ. ನಿಂದೇನೂ ತಪ್ಪಿಲ್ಲ."

ಸಮಾಧಾನಕ್ಕೆಂದು ಅವನು ಅದನ್ನು ಎರಡು ಸಲ ಹೇಳಿದ. ತಪ್ಪು ತನ್ನದಾಗಿದ್ದರೆ, ಗಂಡನನ್ನು ಉಳಿಸುವುದೂ ಒಂದು ಕ್ಷಣ ತನ್ನ ಕೈಯಲ್ಲಿತ್ತು ಎಂದಾದರೂ ಆಗುತ್ತಿತ್ತು. ಅದೂ ಇರಲಿಲ್ಲ. ಅಷ್ಟು ಹೊತ್ತು ಕಲ್ಲಾಗಿ ನಿಂತಿದ್ದ ಸುಗಂಧಾ ಆಗ ನೆಲಕ್ಕೆ ಬಿದ್ದು ಗೋಳಾಡಿದಳು.