ಕ್ರಿಯಾಪದಗಳ ಕಸ್ಟಡಿ

೧

ಕಾರವಾರದಿಂದ ಶುರು ಮಾಡಿದರೆ ಅಪ್ಪನ ಪಕ್ಷ ವಹಿಸಿದೆ ಎನ್ನುತ್ತಾರೆ. ಅಂಕೋಲೆಯಿಂದ ಶುರು ಮಾಡಿದರೆ ತಾಯಿಯ ಪಕ್ಷ. ನಡುವೆ ಎಲ್ಲೋ ಅವರ್ಸಾದಿಂದ ಶುರು ಮಾಡೋಣವೆಂದರೆ ನನ್ನ ಪಾತ್ರಗಳು ಯಾರೂ ಅಲ್ಲಿ ಇಳಿಯುವುದೇ ಇಲ್ಲ. ಆದ್ದರಿಂದ ಓದುಗರೇ, ಬಾಂಗಡೆ ಸಾರಿನಿಂದ ಶುರು ಮಾಡುತ್ತೇನೆ. ಸಾರು ಯಾರ ಪಕ್ಷವೂ ಅಲ್ಲ. (ಹಾಗೆಂದು ನಾನೂ ತಿಳಿದಿದ್ದೆ.)

ಒಂದು ಭಾನುವಾರ ಮಧ್ಯಾಹ್ನ ಹಬ್ಬುವಾಡದ ಬಾಡಿಗೆ ಮನೆಯಲ್ಲಿ ಸುಭಾಷ ತನ್ನ ಒಂಬತ್ತು ವರ್ಷದ ಮಗಳು ದೀಕ್ಷಾಳಿಗೆ ಸಾರು ಬಡಿಸಿದ. ಅವಳು ಎರಡು ತುತ್ತು ಉಂಡು, "ಸಾರು ಚಲೋ ಅದೆ ಪಪ್ಪಾ, ಆದ್ರೆ" ಎಂದಳು.

ಸುಭಾಷ ಕಾದ. ಮಗಳು ಮುಳ್ಳು ಬಿಡಿಸುತ್ತ ಕುಳಿತಳು.

"ಆದ್ರೆ ಎಂತಾ?"

ಅವಳು ಇನ್ನೊಂದು ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟಳು. ಸಂಜೆ ಅವಳನ್ನು ಅಂಕೋಲೆಯ ಬಸ್ಸಿಗೆ ಹತ್ತಿಸಿ ಬಂದ.

ಅಂಕೋಲೆಯಲ್ಲಿ ಮರುದಿನ ಬೆಳಿಗ್ಗೆ ವಿದ್ಯಾ ಮಗಳ ಜಡೆ ಹೆಣೆಯುತ್ತಿದ್ದಳು. ಕನ್ನಡಿಯನ್ನೇ ನೋಡುತ್ತ ದೀಕ್ಷಾ ಹೇಳಿದಳು: "ನೀನು ಹಾಕಿದಷ್ಟು ಹುಳಿ ಇಲ್ಲ."

೨

ಗಂಡ ಹೆಂಡತಿ ಬೇರೆಯಾದದ್ದು ಯಾಕೆ ಎಂದು ಬರೆಯಲು ಹೋಗಿ ಮೂರು ಪುಟ ಹರಿದು ಹಾಕಿದೆ. ಇಬ್ಬರ ಕಾರಣಗಳೂ ಸರಿಯಾಗಿದ್ದವು. ಕಥೆಗೆ ಅದರಿಂದ ಕಾಸಿನ ಉಪಯೋಗವಿಲ್ಲ.

ಉಪಯೋಗಕ್ಕೆ ಬರುವುದು ಇಷ್ಟು. ಸುಭಾಷ ಕಾರವಾರದಲ್ಲಿ ಸರಕಾರಿ ಗುಮಾಸ್ತ. ವಿದ್ಯಾ ಅಂಕೋಲೆಯ ಒಂದು ಸೊಸೈಟಿಯಲ್ಲಿ ಕ್ಯಾಶಿಯರ್. ಮಗಳು ಶಾಲೆಯ ದಿನಗಳಲ್ಲಿ ತಾಯಿಯ ಹತ್ತಿರ, ಶನಿವಾರ ಭಾನುವಾರ ತಂದೆಯ ಹತ್ತಿರ. ಎರಡೂ ಮನೆಗೆ ಒಂದೊಂದು ನಿಯಮ. ವಿದ್ಯಾ ಹೇಳಿದ್ದಳು: "ಕಾರವಾರದ ಮಾತು ಈ ಮನೇಲಿ ಆಡೂದು ಬೇಡ." ಸುಭಾಷ ಹೇಳಿದ್ದ: "ಅಂಕೋಲೆ ಸುದ್ದಿ ಇಲ್ಲಿ ತರಬೇಡ ಮಗಾ."

ದೀಕ್ಷಾ ಹೇಳಿದ ಮಾತು ಕೇಳುವ ಹುಡುಗಿ. ಅಪ್ಪನೂ ಅಮ್ಮನೂ ಒಟ್ಟಿಗೆ ಇರುವ ವಾಕ್ಯವನ್ನು ಯಾವ ಮನೆಯಲ್ಲೂ ಪೂರ್ತಿ ಹೇಳುವ ಹಾಗಿರಲಿಲ್ಲ. ಹೇಳದೆ ಬಿಡಲೂ ಅವಳಿಗಾಗಲಿಲ್ಲ. ಕಾರವಾರದಲ್ಲಿ ಅರ್ಧ ಹೇಳಿದಳು, ಅಂಕೋಲೆಯಲ್ಲಿ ಉಳಿದರ್ಧ. ಕೆಲವೇ ವಾರಗಳಲ್ಲಿ ಇದು ಎಲ್ಲ ವಾಕ್ಯಗಳಿಗೂ ಹಬ್ಬಿತು. ಎರಡು ದಿನ ಶುರು ಮಾಡಿದ್ದನ್ನು ಐದು ದಿನ ಕೂತು ಮುಗಿಸುತ್ತಿದ್ದಳು.

ಶಾಲೆಯಲ್ಲಿ 'ನನ್ನ ಕುಟುಂಬ' ಎಂಬ ಪ್ರಬಂಧ ಬರೆಸಿದರು. ಅವಳು ಬರೆದದ್ದು: "ಇದ್ದಾರೆ. ಹೋಗುತ್ತಾರೆ. ಬೇಯಿಸುತ್ತಾರೆ. ಬರುವುದಿಲ್ಲ." ಅಕ್ಷರ ದುಂಡಗಿತ್ತು. ಟೀಚರು ಅರ್ಧ ಮಾರ್ಕು ಕೊಟ್ಟರು.

೩

ಒಂದು ಭಾನುವಾರ ಬಸ್ಸಿನ ಮೆಟ್ಟಿಲ ಮೇಲೆ ನಿಂತು ದೀಕ್ಷಾ, "ಪಪ್ಪಾ, ನನ್ನ ಹೊಟ್ಟೆ" ಎಂದಳು. ಬಾಗಿಲು ಮುಚ್ಚಿತು.

ಹೊಟ್ಟೆ ಏನು? ನೋವೇ, ಹಸಿವೇ? ಸುಭಾಷ ಮನೆಗೆ ಬಂದು ಸುಮ್ಮನೆ ಕೂರಲಾರದೆ, ತಿಂಗಳುಗಳ ನಂತರ ಮೊದಲ ಸಲ ಹೆಂಡತಿಗೆ ಫೋನ್ ಮಾಡಿದ.

"ಅವಳು ಬಂದ್ಲಾ? ಹೊಟ್ಟೆ ಬಗ್ಗೆ ಎಂತಾ ಹೇಳಿದ್ಲು?"

"'ನೋಯ್ತಿತ್ತು, ಈಗ ಇಲ್ಲ' ಅಂದ್ಲು. ಎಂತಾ ನೋವು ಅಂತ ನಾ ಆವಾಗಿಂದ ತಲೆ ಕೆಡಿಸ್ಕೊಂಡು ಕೂತಿದ್ದೆ. ಹೊಟ್ಟೆಯಾ?"

ಆಮೇಲೆ ಅವರು ದಿನಾ ಫೋನಿನಲ್ಲಿ ವಾಕ್ಯ ಜೋಡಿಸತೊಡಗಿದರು.

ಇಲ್ಲಿ ನನಗೆ ಖುಷಿಯಾಯಿತು. ವಾಕ್ಯಗಳು ಕೂಡುತ್ತವೆ, ಮನಸ್ಸುಗಳೂ ಕೂಡುತ್ತವೆ, ಕಡಲ ದಂಡೆಯ ಮೇಲೆ ಮೂವರೂ ಐಸ್‌ಕ್ರೀಮ್ ತಿನ್ನುತ್ತಾರೆ. ಬರೆದೇ ಬಿಟ್ಟೆ. ದೀಕ್ಷಾ ನನ್ನ ಬೆನ್ನ ಹಿಂದೆ ನಿಂತು ಓದುತ್ತಿದ್ದಳು.

"ಇದು ಆಗಿದ್ದಲ್ಲ," ಎಂದಳು. (ನನ್ನ ಪುಟದಲ್ಲಿ ಅವಳು ಇಡೀ ವಾಕ್ಯ ಆಡುತ್ತಾಳೆ. ಇಲ್ಲಿ ನಿಯಮವಿಲ್ಲ.)

"ಮತ್ತೆ ಏನಾಯಿತು?"

"ಜಗಳ."

೩ (ಮತ್ತೊಮ್ಮೆ)

ಜಗಳ ವ್ಯಾಕರಣದ್ದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೀಗಾಗಿ ಮಗಳ ಕ್ರಿಯಾಪದಗಳೆಲ್ಲ ಅಂಕೋಲೆಯ ಪಾಲಾಗಿದ್ದವು. ಇದು ಹೊಳೆದ ದಿನ ಸುಭಾಷ ಕಚೇರಿಗೆ ರಜೆ ಹಾಕಿ ವಕೀಲರ ಹತ್ತಿರ ಓಡಿದ.

"ನನ್ನ ಕಕ್ಷಿದಾರರಿಗೆ ಬರೇ ಕರ್ತೃ ಸಿಗುತ್ತಿದೆ," ಎಂದು ವಕೀಲರು ಕೋರ್ಟಿನಲ್ಲಿ ವಾದಿಸಿದರು. "ಕ್ರಿಯಾಪದಗಳಲ್ಲಿ ಸಮಪಾಲು ಕೊಡಿಸಬೇಕು."

ವಿದ್ಯಾಳ ವಕೀಲರು ಎದ್ದರು. "ಸೋಮವಾರ ಬೆಳಿಗ್ಗೆ ಬರೇ 'ಬಿದ್ದು ಒಡೆಯಿತು' ಎಂದು ಕೇಳಿದ ತಾಯಿಯ ಗತಿ ಏನು? ತಟ್ಟೆಯೋ ತಲೆಯೋ?"

ಮಗು ಇಂಗ್ಲಿಷಿನಲ್ಲಿ ಮಾತಾಡಲಿ ಎಂದು ಮಧ್ಯಸ್ಥಿಕೆಯವರು ಸೂಚಿಸಿದರು. ಅದರಲ್ಲಿ ಕ್ರಿಯಾಪದ ನಡುವೆ ಬರುತ್ತದೆ, ಅಂದಾಜು ಅವರ್ಸಾದ ಹತ್ತಿರ. ಇಬ್ಬರೂ ಅಲ್ಲಿಗೆ ಬಂದು ಕೇಳಿಸಿಕೊಳ್ಳಬಹುದು. ಈ ಸೂಚನೆಯನ್ನು ಇಬ್ಬರೂ ಗಂಭೀರವಾಗಿ ಯೋಚಿಸಿದರು.

(ಸುಭಾಷ ಈಗಷ್ಟೇ ಬಂದು, "ನನ್ನ ಇಷ್ಟು ಪೆದ್ದನ ಹಾಂಗೆ ತೋರ್ಸಬೇಡಿ, ಆಫೀಸಲ್ಲಿ ಓದ್ತ್ರು," ಎಂದ. ರಜೆ ಹಾಕಿದ್ದು ಹೌದೋ ಅಲ್ಲವೋ ಎಂದು ಕೇಳಿದೆ. ಹೋದ.)

ನ್ಯಾಯಾಧೀಶರು ವಯಸ್ಸಾದ ಹೆಂಗಸು. ಮೂವರನ್ನೂ ಒಳಗೆ ಕರೆಸಿ, ಮಗುವಿಗೆ ನೀರು ಕೊಡಿಸಿ, ಮೆತ್ತಗೆ ಕೇಳಿದರು. "ನೀನು ಯಾರ ಹತ್ತಿರ ಇರುತ್ತೀ ಪುಟ್ಟಾ?"

ದೀಕ್ಷಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅಪ್ಪ ಒಂದು ಕಡೆ, ಅಮ್ಮ ಇನ್ನೊಂದು ಕಡೆ.

"ನಂಗೆ" ಎಂದಳು. ನಿಲ್ಲಿಸಿದಳು.

ಕೋರ್ಟು ಕಾರವಾರದಲ್ಲಿತ್ತು.

ಆದೇಶವಾಯಿತು: ತಂದೆ ತಾಯಿ ಇಬ್ಬರೂ ಮಗುವಿನ ಜೊತೆ ಒಂದೇ ಬಸ್ಸಿನಲ್ಲಿ ಅಂಕೋಲೆಗೆ ಹೋಗಿ, ಉಳಿದರ್ಧ ಕೇಳಿಕೊಂಡು ಬಂದು ತಿಳಿಸತಕ್ಕದ್ದು.

೪

ಮುಂದಿನದಕ್ಕೆ ಮೂರು ಕೊನೆ ಬರೆದಿಟ್ಟಿದ್ದೆ. ನಂಗೆ ಪಪ್ಪ ಬೇಕು. ನಂಗೆ ಆಯಿ ಬೇಕು. ನಂಗೆ ಇಬ್ರೂ ಬೇಕು. ಮೂರನೆಯದನ್ನು ಬರೆಯುವಾಗ ನನ್ನ ಕಣ್ಣೇ ಒದ್ದೆಯಾಯಿತು. ಒಂದನ್ನೂ ಬಳಸಲಿಲ್ಲ. ಯಾಕೆಂದರೆ ಬಸ್ಸಿನಲ್ಲಿ ತಿಮ್ಮಿ ಇದ್ದಳು.

ತಿಮ್ಮಿ ಅಂಕೋಲೆಯ ಕಡೆಯವಳು. ಕಾರವಾರದ ಪೇಟೆಯಲ್ಲಿ ಸೊಪ್ಪು ತರಕಾರಿ ಮಾರಿ, ಸಂಜೆ ಖಾಲಿ ಬುಟ್ಟಿಯೊಂದಿಗೆ ಮರಳುತ್ತಾಳೆ. ಪ್ರತಿ ಭಾನುವಾರ ಸುಭಾಷ ಮಗಳನ್ನು ಅವಳ ಪಕ್ಕದಲ್ಲೇ ಕೂರಿಸಿ ಕಳಿಸುತ್ತಿದ್ದ. ಅಂದೂ ದೀಕ್ಷಾ ನೇರ ಹೋಗಿ ಅವಳ ಪಕ್ಕದಲ್ಲಿ ಕೂತಳು. ಅವರಿಬ್ಬರ ಹಿಂದಿನ ಸೀಟೊಂದೇ ಖಾಲಿ ಇತ್ತು. ಗಂಡ ಹೆಂಡತಿ ನಡುವೆ ಬ್ಯಾಗು ಇಟ್ಟುಕೊಂಡು ಕೂತರು.

ಬಸ್ಸು ಬಿಣಗಾ ದಾಟಿತು. ಕಾರವಾರ ಹಿಂದೆ ಬಿತ್ತು, ಅಂಕೋಲೆ ಇನ್ನೂ ದೂರವಿತ್ತು. ದೀಕ್ಷಾ ಮಾತಾಡತೊಡಗಿದಳು. ಇಡೀ ಇಡೀ ವಾಕ್ಯಗಳು, ಒಂದರ ಬಾಲಕ್ಕೆ ಇನ್ನೊಂದು.

"ತಿಮ್ಮಕ್ಕಾ, ಪಪ್ಪ ಒಬ್ರೇ ಉಂಬುವಾಗ ಟೀವಿ ದೊಡ್ಡಕೆ ಇಡ್ತ್ರು, ಮನೇಲಿ ಜನ ಇದ್ದ ಹಾಂಗೆ. ನೋಡೂದಿಲ್ಲ. ಆಯಿ ಬಚ್ಚಲಲ್ಲಿ ನಲ್ಲಿ ಬಿಟ್ಟು ಅಳೂದು. ನೀರು ದಂಡ. ನಾ ಹೊರಗಿಂದ 'ನೀರು ಬಂದ್ ಮಾಡು' ಅಂತ ಕೂಗ್ತೆ, ಅಳೂದು ಬಂದ್ ಮಾಡ್ಲಿ ಅಂತ. ಇದನ್ನೆಲ್ಲ ನಾ ಯಾರಿಗೂ ಹೇಳೂದಿಲ್ಲ."

"ನಂಗೆ ಹೇಳ್ತ್ಯಲ್ಲೇ."

"ನಿನ್ನ ಮನೆಗೆ ನಾ ಬರೂದಿಲ್ಲ ಅಲಾ."

ಹಿಂದಿನ ಸೀಟಿನಲ್ಲಿ ವಿದ್ಯಾ ಕಿಟಕಿ ನೋಡುತ್ತಿದ್ದಳು. ಕಿಟಕಿಯ ಗಾಜು ಕೆಸರಾಗಿತ್ತು, ಹೊರಗೆ ಏನೂ ಕಾಣುತ್ತಿರಲಿಲ್ಲ. ಸುಭಾಷ ಟಿಕೆಟನ್ನು ಮಡಚಿ ಮಡಚಿ ಕಡಲೆಕಾಳಿನಷ್ಟು ಮಾಡಿದ್ದ. ಮಗಳ ದನಿ ಇಷ್ಟು ಉದ್ದ ಅವರು ಕೇಳಿದ್ದು ಯಾವಾಗಲೋ.

"ಕೋರ್ಟಲ್ಲಿ ಎಂತಾ ಕೇಳ್ರು?" ತಿಮ್ಮಿ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು.

"ಯಾರ ಹತ್ರ ಇರ್ತೆ ಅಂತ."

"ನೀ ಎಂತಾ ಅಂದೆ?"

"'ನಂಗೆ ಕೇಳಬೇಡಿ' ಅಂತ ಹೇಳೂಕೆ ಹೊರಟಿದ್ದೆ. ಅರ್ಧವೇ ಬಂತು."

ತಿಮ್ಮಿ ಎಲೆ ಬಾಯಿಗೆ ಹಾಕಿಕೊಂಡಳು. "ಚಲೋ ಆಯ್ತು," ಎಂದಳು.

೫

ಅಂಕೋಲೆ ಸ್ಟ್ಯಾಂಡಿನಲ್ಲಿ ಇಳಿದರು. ಯಾರೂ ಮಗಳನ್ನು ಏನೂ ಕೇಳಲಿಲ್ಲ. ಆದೇಶದಂತೆ ಕೇಳಬೇಕಾಗಿತ್ತು. ಕಾರವಾರದ ಬಸ್ಸು ತಿರುಗಿ ನಿಂತಿತ್ತು. ಸುಭಾಷ ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಮಗಾ, ಶನಿವಾರ ಬರುವಾಗ ಇಲ್ಲಿನ ಸುದ್ದಿ ಎಲ್ಲ ಹೇಳು. ಪೂರ್ತಿ ಹೇಳಿದ್ರೂ ಅಡ್ಡಿಲ್ಲ."

ದೀಕ್ಷಾ ಸ್ವಲ್ಪ ಯೋಚಿಸಿದಳು. "ಆಯಿ ಹೂಂ ಅಂದ್ರೆ," ಎಂದಳು.

ಇಬ್ಬರೂ ವಿದ್ಯಾಳನ್ನು ನೋಡಿದರು. ವಿದ್ಯಾ ಬಾಯಿ ತೆರೆದಳು. ಅದೇ ಹೊತ್ತಿಗೆ ಡ್ರೈವರ್ ಹಾರ್ನ್ ಒತ್ತಿ ಬಸ್ಸು ಹೊರಡಿಸಿದ. ಅವಳು ಏನೆಂದಳೋ ನನಗೆ ಕೇಳಿಸಲಿಲ್ಲ. ಸುಭಾಷನ ಮುಖ ನೋಡಿ ತಿಳಿಯೋಣವೆಂದರೆ ಬಸ್ಸು ಆಗಲೇ ತಿರುವಿನಲ್ಲಿತ್ತು.

ದೀಕ್ಷಾಳನ್ನು ಕೇಳಿದೆ. ಕಥೆ ಮುಗಿಸಬೇಕಿದೆ, ಓದುಗರು ಕಾಯುತ್ತಿದ್ದಾರೆ, ಒಂದು ಮಾತು ಹೇಳು ಎಂದು ಅಂಗಲಾಚಿದೆ.

"ನಿಮಗೆ ಹೇಳಿದ್ರೆ ನೀವು ಬರೀತ್ರಿ," ಎಂದಳು.

ಬರೆಯುವುದಿಲ್ಲ ಎಂದೆ.

ಹೇಳಿದಳು.