ಸತ್ತದ್ದೆಂದು ಗುರುತಿಸಿದ ಪ್ರೋಗ್ರಾಮು

ಆ ಪದ ಒಪ್ಪಿಗೆಯಾದದ್ದು ಗುರುವಾರದ ಕಾಫಿ ಹೊತ್ತಿನಲ್ಲಿ, ದಾಲ್ಚಿನ್ನಿ ಬನ್ನಿನ ತಟ್ಟೆ ಮೇಜನ್ನು ಒಂದು ಸುತ್ತು ಬರುವಷ್ಟರಲ್ಲಿ. ವೆಂಡ್ಲಾ ಬರೆದು ತಂದಿದ್ದ ಪದ ಬೇರೆಯೇ ಇತ್ತು.

ಸುಂಡ್ಸ್‌ವಾಲ್ ಎಂಬ ಉತ್ತರದ ಕರಾವಳಿ ಊರಿನ ಆ ಪುಟ್ಟ ಕಂಪನಿಯಲ್ಲಿ ಅವಳ ಕೆಲಸ ಪದಗಳದ್ದು. ಸರ್ಕಾರಿ ಕಚೇರಿಗಳ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರುಗಳಲ್ಲಿ ಅಜ್ಜಂದಿರ ಕಾಲದಿಂದ ಓಡುತ್ತಿರುವ, ಕೋಬಾಲ್ ಎಂಬ ಹಳೆಯ ಭಾಷೆಯ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ ಓದಿ, ಯಾವುದು ಯಾವುದನ್ನು ಕೆಲಸಕ್ಕೆ ಕರೆಯುತ್ತದೆ, ಯಾವುದು ಯಾರಿಗೂ ಬೇಡವಾಗಿ ಮೂಲೆಗೆ ಬಿದ್ದಿದೆ ಎಂದು ಪಟ್ಟಿ ಮಾಡಿಕೊಡುವ ಒಂದು ಸಾಫ್ಟ್‌ವೇರನ್ನು ಅವರು ಮಾರುತ್ತಿದ್ದರು. ಆ ಪಟ್ಟಿಯಲ್ಲಿ ಬರುವ ಒಂದೊಂದು ಪದವನ್ನೂ ಆರಿಸಿ, ಅದಕ್ಕೆ ಅರ್ಥ ಬರೆದು, ಗಿರಾಕಿಗಳ ಕೋಡಿನಿಂದಲೇ ಒಂದು ನಿಜವಾದ ಉದಾಹರಣೆ ಹುಡುಕಿ ಪದಕೋಶಕ್ಕೆ ಸೇರಿಸುವುದು ವೆಂಡ್ಲಾಳ ಪಾಲಿಗೆ ಬಂದಿತ್ತು. ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಓದಿದವಳು. ದಿನವಿಡೀ ಬಾಯಿ ಬಿಡದೆ ಕೂರಬಹುದಾದ ಕೆಲಸ ಸಿಕ್ಕಿತಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟುಕೊಂಡಿದ್ದಳು.

“‘ಓದಿದ ಮೂಲದಲ್ಲಿ ಕರೆ ಕಾಣದ್ದು’,” ಎಂದು ಹಾಳೆಯಿಂದ ತಲೆ ಎತ್ತದೆ ಓದಿದಳು.

ಸಾಫ್ಟ್‌ವೇರಿನ ಪರದೆಗಳನ್ನು ರೂಪಿಸುವ ಮೋನ್ಸ್ ಬೆರಳಿಗಂಟಿದ ಸಕ್ಕರೆ ಕೊಡವುತ್ತ ನಕ್ಕ. “ಇದು ಪದಾನೋ ಗೂಡ್ಸ್ ರೈಲೋ, ಮಾರಾಯ್ತಿ? ನನ್ನ ಕಾಲಂನಲ್ಲಿ ಇಂಜಿನ್ನೇ ಹಿಡಿಸಲ್ಲ.”

“ಆದ್ರೆ ನಾವು ಹುಡುಕೋದು ನಾವು ಓದಿದ್ರಲ್ಲಿ ಮಾತ್ರ ತಾನೆ... ಅದರಾಚೆ ಏನಿದೆಯೋ.”

“ಲೋಕವೆಲ್ಲ ಅದನ್ನ ಸತ್ತ ಕೋಡ್ ಅಂತ್ಲೇ ಕರೆಯೋದು. ‘ಸತ್ತದ್ದು’ ಅಂತ ಹಾಕು, ಕತೆ ಮುಗೀತು.”

ಮೇಜಿನ ತುದಿಯಲ್ಲಿದ್ದ ಮುಖ್ಯಸ್ಥ ಟೋರ್ಬ್ಯಾರ್ನ್ ಎಲ್ಲರ ಮುಖವನ್ನೂ ಒಮ್ಮೆ ನೋಡಿದ. “ಏನನ್ನ ಬಿಸಾಕಬಹುದು ಅಂತ ತಿಳ್ಕೊಳ್ಳೋಕೇ ಗಿರಾಕಿ ನಮ್ಮ ಹತ್ರ ಬರೋದು. ‘ಸತ್ತದ್ದು’ ಚೆನ್ನಾಗಿದೆ. ಯಾರಿಗಾದ್ರೂ ಬೇರೆ ಅಭಿಪ್ರಾಯ ಇದೆಯಾ?”

ಅಲ್ಲಿ ಆ ಪ್ರಶ್ನೆಯ ನಂತರದ ಮೌನವೇ ಸಹಿ. ಜಗಳವಿಲ್ಲ, ಕೈ ಎತ್ತುವುದಿಲ್ಲ, ಸುಮ್ಮನಿದ್ದವರೆಲ್ಲ ಒಪ್ಪಿದವರು. ವೆಂಡ್ಲಾಗೆ ಹೇಳುವುದು ಇನ್ನೂ ಇತ್ತು. ಕಾಫಿ ಕುಡಿದು ಮುಗಿಸಿ ಎದ್ದಳು. ಪದಕೋಶದಲ್ಲಿ ‘ಸತ್ತದ್ದು’ ಎಂದು ಬರೆದು, ಅದರ ಕೆಳಗೆ ಸಣ್ಣಕ್ಷರದಲ್ಲಿ ತನ್ನ ಉದ್ದನೆಯ ವಾಕ್ಯವನ್ನು ಅರ್ಥವಾಗಿ ಸೇರಿಸಿದಳು. ಪದಕೋಶವನ್ನು ಯಾರು ತೆರೆದು ನೋಡುತ್ತಾರೆ? ಗಿರಾಕಿಯ ಕಣ್ಣಿಗೆ ಬೀಳುವುದು ಕಾಲಂ ಮಾತ್ರ.

ನವೆಂಬರಿನ ಒಂದು ಬುಧವಾರ ಆ ಪದಕ್ಕೆ ಉದಾಹರಣೆ ಹುಡುಕಲು ಕುಳಿತಳು. ಮಧ್ಯಾಹ್ನ ಮೂರಕ್ಕೇ ಕಿಟಕಿಯಾಚೆ ಕತ್ತಲು. ಗಾಜಿನಲ್ಲಿ ತನ್ನದೇ ಮುಖ. ಕರಾವಳಿಯ ಪುರಸಭೆಗಳಿಗೆಲ್ಲ ಸೇರಿ ಜನರ ವಿಳಾಸ ದಾಖಲಿಸಿಡುವ ಒಂದು ಕಚೇರಿ ಇತ್ತು. ಅಲ್ಲಿಯವರು ಕ್ರಿಸ್‌ಮಸ್‌ಗೆ ಮುಂಚೆ ಮೇನ್‌ಫ್ರೇಮನ್ನು ಗುಡಿಸಿ ಸಾರಿಸಬೇಕೆಂದು ತಮ್ಮ ಕೋಡನ್ನೆಲ್ಲ ಓದಿಸಿದ್ದರು. ಆ ಪಟ್ಟಿಯ ‘ಸತ್ತದ್ದು’ ಕಾಲಂನಲ್ಲಿ ಒಂದೇ ಕುಟುಂಬದವರಂತೆ ಸಾಲಾಗಿ ಕೆಲವು ಹೆಸರುಗಳಿದ್ದವು: ಕಾವಲು ಎಂಬರ್ಥದ ‘ಕಾಪು’ ಪದಕ್ಕೆ ಸಂಖ್ಯೆ ಸೇರಿ ಕಾಪು-ಒಂದು, ಕಾಪು-ಎರಡು, ಹೀಗೆ. ಚಿಕ್ಕದಿದೆ, ಉದಾಹರಣೆಗೆ ಆದೀತು ಎಂದು ಕಾಪು-ಹದಿನೇಳನ್ನು ತೆರೆದಳು.

ಮೊದಲ ಸಲ ಬೇಗ ಓದಿ ಮುಗಿಸಿದಳು. ಎರಡನೇ ಸಲ ನಿಧಾನವಾಗಿ ಓದಿದಳು. ಯಾರ ವಿಳಾಸ ಕೇಳಿದ್ದಾರೋ ಆ ವ್ಯಕ್ತಿಗೆ ದಾಖಲೆಯಲ್ಲಿ ಗುಟ್ಟಿನ ಗುರುತು ಇದ್ದರೆ ಉತ್ತರದಲ್ಲಿ ವಿಳಾಸವನ್ನು ಅಳಿಸಿ, ಆ ಜಾಗದಲ್ಲಿ ಕಚೇರಿಯ ಅಂಚೆಪೆಟ್ಟಿಗೆಯ ಸಂಖ್ಯೆ ತುಂಬು. ಅಷ್ಟೇ ಅದರ ಕೆಲಸ.

ಆ ಅಂಚೆಪೆಟ್ಟಿಗೆ ಅವಳಿಗೆ ಗೊತ್ತಿತ್ತು. ಅವಳಿಗೂ ಅವಳ ಅಮ್ಮನಿಗೂ ಬರುವ ಕಾಗದವೆಲ್ಲ ಆರು ವರ್ಷಗಳಿಂದ ಅದರ ಮೂಲಕವೇ, ಇನ್ನೊಂದು ಲಕೋಟೆಯೊಳಗೆ ಸೇರಿಕೊಂಡು, ವಾರ ತಡವಾಗಿ ಬರುತ್ತಿತ್ತು. ಅಪ್ಪ ದಕ್ಷಿಣದ ತುದಿಯ ಊರಿನಲ್ಲಿದ್ದ. ಅವನ ಕೈಗೆ ಸಿಗದಿರಲೆಂದು ತಾಯಿ ಮಗಳು ಹೆಸರು ಬದಲಿಸಿಕೊಂಡು, ನಡುವೆ ಎರಡು ಊರುಗಳಲ್ಲಿದ್ದು ಇಲ್ಲಿಗೆ ಬಂದಿದ್ದರು. ಆದರೆ ಹುಟ್ಟಿದಾಗ ಸರ್ಕಾರ ಕೊಟ್ಟ ಗುರುತಿನ ಸಂಖ್ಯೆಯನ್ನು ಬದಲಿಸಲಾಗದು. ಹೆಂಡತಿಯಾಗಿದ್ದವಳ ಸಂಖ್ಯೆ ಅವನಿಗೆ ಬಾಯಿಪಾಠ. ಈ ದೇಶದಲ್ಲಿ ಯಾರ ವಿಳಾಸವನ್ನು ಬೇಕಾದರೂ ಯಾರು ಬೇಕಾದರೂ ಫೋನಿನಲ್ಲಿ ಕೇಳಬಹುದು, ತಾನು ಯಾರೆಂದು ಹೇಳಬೇಕಿಲ್ಲ, ಏಕೆಂದೂ ಹೇಳಬೇಕಿಲ್ಲ. ಅದು ಎಲ್ಲರ ಹಕ್ಕು, ಎಲ್ಲರಿಗೂ ಅದರ ಬಗ್ಗೆ ಹೆಮ್ಮೆ. ಅಪ್ಪ ಆಗಾಗ ಕೇಳುತ್ತಲೇ ಇದ್ದ. ಪರದೆಯಲ್ಲಿ ಅಂಚೆಪೆಟ್ಟಿಗೆ ಮಾತ್ರ ಕಾಣುವ ಕಚೇರಿಯವರಿಂದ “ಕೊಡಲಾಗದು” ಎಂಬ ಉತ್ತರ ಪಡೆಯುತ್ತಲೇ ಇದ್ದ. ಕಚೇರಿಯಲ್ಲಿ ವೆಂಡ್ಲಾ ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಬೇಡ ಎಂದು ಪೊಲೀಸಿನವಳೇ ಹೇಳಿದ್ದಳು.

ಎದ್ದು ಮೋನ್ಸ್‌ನ ಮೇಜಿನ ಬಳಿ ಹೋದಳು. ಅವಳು ತಾನಾಗಿ ಎದ್ದು ಬಂದದ್ದು ಕಂಡು ಅವನು ಕಿವಿಯಿಂದ ಹಾಡು ತೆಗೆದ.

“ಈ ಕಾಪು-ಹದಿನೇಳನ್ನ ಯಾರೂ ಕರೆಯಲ್ಲ ಅಂತ ಹೇಗೆ ಗೊತ್ತಾಯ್ತು ನಮಗೆ?”

“ಇಡೀ ಮೂಲದಲ್ಲಿ ‘ಕಾಪು-ಹದಿನೇಳು’ ಅನ್ನೋ ಹೆಸರೇ ಇಲ್ವಲ್ಲ. ಹೆಸರಿಲ್ದೆ ಕರೆಯೋದು ಹೇಗೆ?”

“‘ಕಾಪು’ ಅಂತ ಮಾತ್ರ ಹುಡುಕು.”

ಹುಡುಕಿದ. ಒಂದೇ ಕಡೆ ಸಿಕ್ಕಿತು. ವಿಳಾಸ ಕೊಡುವ ಮುಖ್ಯ ಪ್ರೋಗ್ರಾಮಿನೊಳಗೆ ‘ಕಾಪು’ ಎಂಬ ಅಕ್ಷರಗಳಿಗೆ ಆ ವ್ಯಕ್ತಿಯ ಪುರಸಭೆಯ ಸಂಖ್ಯೆಯನ್ನು ಓಡುತ್ತ ಓಡುತ್ತಲೇ ಅಂಟಿಸಿ, ಹಾಗೆ ಹುಟ್ಟಿದ ಹೆಸರನ್ನು ಕರೆಯುವ ಸಾಲು. ಪೂರ್ತಿ ಹೆಸರು ಎಲ್ಲೂ ಬರೆದಿಟ್ಟಿಲ್ಲ. ಯಾರಾದರೂ ಕೇಳಿದ ಕ್ಷಣದಲ್ಲಿ ಮಾತ್ರ ಅದು ಹುಟ್ಟುತ್ತದೆ.

“ಅಯ್ಯೋ,” ಎಂದ ಮೋನ್ಸ್. “ಹಳಬರ ಕಿತಾಪತಿ. ಇದು ನಮ್ಮ ಕಣ್ಣಿಗೆ ಕಾಣೋದೇ ಇಲ್ಲ. ಹೋಗ್ಲಿ ಬಿಡು, ತೆಗೆದ್ರೆ ಅಲ್ಲೇ ದಢಾರನೆ ನಿಲ್ಲುತ್ತೆ, ಅವ್ರೇ ಫೋನ್ ಮಾಡ್ತಾರೆ.”

“ಕೆಳಗಿನ ಸಾಲು ಓದು.”

ಓದಿದ. ಆ ಹೆಸರಿನ ಪ್ರೋಗ್ರಾಮು ಸಿಗದಿದ್ದರೆ ನಿಲ್ಲಬೇಡ, ಇದ್ದ ವಿಳಾಸವನ್ನು ಇದ್ದಂತೆಯೇ ಮುಂದಕ್ಕೆ ಕೊಡು.

ಮೋನ್ಸ್‌ನ ಮುಖದ ನಗು ಹಾಗೇ ಉಳಿದಿತ್ತು, ತೆಗೆಯಲು ಮರೆತಂತೆ. “ಅವ್ರು ತೆಗೆದುಬಿಟ್ರಾ?”

“ಸೋಮವಾರ. ಹಾಗಂತ ಅವ್ರ ಮೇಲ್ ಬಂದಿದೆ.”

ಇಬ್ಬರೂ ಟೋರ್ಬ್ಯಾರ್ನ್‌ನ ಕೋಣೆಗೆ ಹೋದರು. ಅವನು ಪೂರ್ತಿ ಕೇಳಿಸಿಕೊಂಡ. ಅವನು ಯಾರ ಮಾತನ್ನೂ ನಡುವೆ ತಡೆಯುವವನಲ್ಲ. ಆಮೇಲೆ ಕನ್ನಡಕ ತೆಗೆದು ಒರೆಸಿದ.

“ಎರಡು ದಿನ ಆಯ್ತು. ಅವ್ರ ಕಡೆಯಿಂದ ಒಂದು ದೂರೂ ಬಂದಿಲ್ಲ.”

“ದೂರು ಕೊಡೋರಿಗೆ ಗೊತ್ತಾಗಬೇಕಲ್ಲ,” ಎಂದಳು ವೆಂಡ್ಲಾ.

“ಗುಟ್ಟಿನ ಗುರುತನ್ನ ಈಗ ಬೇರೆ ಯಾವ್ದೋ ಹೊಸ ವ್ಯವಸ್ಥೆ ನೋಡ್ಕೊಳ್ತಿರಬಹುದು. ಅದಕ್ಕೇ ಧೈರ್ಯವಾಗಿ ತೆಗೆದಿರ್ತಾರೆ. ಇದು ಇನ್ನೂ ಕೆಲಸಕ್ಕೆ ಬರ್ತಿತ್ತು ಅಂತ ನಿಂಗೆ ಹೇಗೆ ಗೊತ್ತು?”

ಗೊತ್ತಿತ್ತು. ಹೇಗೆ ಗೊತ್ತು ಎಂದು ಹೇಳುವಂತಿರಲಿಲ್ಲ.

“ಅನ್ಸುತ್ತೆ,” ಎಂದಳು.

“ಅನ್ಸುತ್ತೆ ಅಂತ ನಾನು ಅವ್ರಿಗೆ ಹೇಳಕ್ಕಾಗುತ್ತಾ, ವೆಂಡ್ಲಾ? ಅವರೇ ನೋಡಿ, ಅವರೇ ತೆಗೆದಿದ್ದು. ಸತ್ತದ್ದು ಅಂತ ಹೇಳಿದ್ದು ನಾವು. ಈಗ ಅದು ಬದುಕಿರಬಹುದು ಅಂದ್ರೆ ನಮ್ಮ ಪಟ್ಟೀನ ಇನ್ಮೇಲೆ ಯಾರು ನಂಬ್ತಾರೆ? ನಾಳೆ ಗುರುವಾರದ ಮೀಟಿಂಗಿಗೆ ತರೋಣ. ಶಾಂತವಾಗಿ ಮಾತಾಡೋಣ. ಆಗಬಹುದಾ?”

ಈ ಸಲ ಒಪ್ಪಿಗೆಯ ಸಹಿ ಹಾಕಲು ನಿಲ್ಲದೆ ವೆಂಡ್ಲಾ ಹೊರಗೆ ನಡೆದಳು.

ಮೆಟ್ಟಿಲಿನ ತಿರುವಿನಲ್ಲಿ ನಿಂತು ಆ ಕಚೇರಿಗೆ ಫೋನ್ ಮಾಡಿದಳು. ಸಾಲಿನಲ್ಲಿ ಕಾಯಿಸಲೂ ಇಲ್ಲ. ಹೆಂಗಸಿನ ದನಿ, ಬೆಚ್ಚಗಿನದು.

“ಒಬ್ಬರ ವಿಳಾಸ ಬೇಕಿತ್ತು.”

“ಸಂಖ್ಯೆ ಇದ್ರೆ ಹೇಳಿ.”

ಅಮ್ಮನ ಸಂಖ್ಯೆ ಹೇಳಿದಳು. ಕೀಲಿಗಳ ಸದ್ದು. ಕೊಡಲಾಗದು ಎನ್ನಲಿ ಎಂದು ಗೋಡೆಗೆ ಹಣೆಯಾನಿಸಿ ಕಾದಳು.

“ಆಂ, ಇಲ್ಲಿದೆ. ಪೆನ್ನಿದೆಯಾ? ಊರು ಸುಂಡ್ಸ್‌ವಾಲ್, ಬ್ರುನ್ಸ್‌ಗಾತನ್ ಬೀದಿ, ಹನ್ನೊಂದು, ಮೂರನೇ ಮಹಡಿ.” ಓದುವಾಗ ಆಕೆಯ ದನಿಯಲ್ಲಿ ಯಾವ ಅನುಮಾನವೂ ಇರಲಿಲ್ಲ. “ಮನೆ ನಂಬರೂ ಬೇಕಾ? ಮುಂಚೆ ಕೇಳಿದವರು ಬೇಕು ಅಂದ್ರು.”

“ಮುಂಚೆ ಅಂದ್ರೆ?”

“ಯಾರು ಅಂತ ಕೇಳ್ಬೇಡಿ. ನಮಗೂ ಗೊತ್ತಿರಲ್ಲ, ನಾವು ಕೇಳೋ ಹಾಗೂ ಇಲ್ಲ.”

“ಯಾವಾಗ ಅಂತ ಹೇಳಬಹುದಾ?”

“ನಿನ್ನೆ, ಊಟಕ್ಕೆ ಏಳೋ ಹೊತ್ತಿಗೆ. ಅದಕ್ಕೇ ನೆನಪಿದೆ. ತುಂಬಾ ಮರ್ಯಾದಸ್ಥ ಮನುಷ್ಯ. ಎರಡೆರಡು ಸಲ ಥ್ಯಾಂಕ್ಸ್ ಹೇಳಿದ್ರು.”

ಅಪ್ಪ ಹಾಗೆಯೇ. ಬಾಗಿಲು ಒಡೆದ ರಾತ್ರಿಯೂ ಪಕ್ಕದ ಮನೆಯವರಿಗೆ ತೊಂದರೆಯಾಯಿತೆಂದು ಕ್ಷಮೆ ಕೇಳಿ ಹೋಗಿದ್ದ. ದಕ್ಷಿಣದಿಂದ ಇಲ್ಲಿಗೆ ಕಾರಿನಲ್ಲಿ ನಡುವೆ ಮಲಗಿ ಎದ್ದು ಬಂದರೂ ಒಂದು ದಿನ ಸಾಕು. ಆ ದಿನ ಆಗಲೇ ಮುಗಿದಿತ್ತು.

ಟೋರ್ಬ್ಯಾರ್ನ್‌ನ ಬಾಗಿಲು ತಟ್ಟದೆ ಒಳಗೆ ಹೋದಳು. ಮೋನ್ಸ್ ಇನ್ನೂ ಅಲ್ಲೇ ನಿಂತಿದ್ದ.

“ನನಗೆ ಹೇಗೆ ಗೊತ್ತು ಅಂತ ಕೇಳಿದ್ಯಲ್ಲ,” ಎಂದಳು. “ಆ ಗುರುತು ನನ್ನ ಹೆಸರಿನ ಮೇಲಿದೆ. ನಮ್ಮಮ್ಮನ ಹೆಸರಿನ ಮೇಲೂ. ಈಗ ನಾನೇ ಫೋನ್ ಮಾಡಿ ಕೇಳಿದೆ, ನಮ್ಮನೆ ಮಹಡಿ ಸಮೇತ ಓದಿ ಹೇಳಿದ್ರು. ನಿನ್ನೆ ನಮ್ಮಪ್ಪನಿಗೂ ಹೇಳಿದಾರೆ. ಅವ್ನು ಯಾಕೆ ಹುಡುಕ್ತಾನೆ ಅಂತ ಆಮೇಲೆ ಹೇಳ್ತೀನಿ. ಇಲ್ಲಾ ಹೇಳಲ್ಲ. ಮೊದ್ಲು ಆ ಪ್ರೋಗ್ರಾಮುಗಳನ್ನ ವಾಪಸ್ ಹಾಕ್ಸು. ಎಲ್ಲವನ್ನೂ. ನಾವಿಬ್ರೇ ಅಲ್ಲ ಅದ್ರಲ್ಲಿ ಇರೋದು.”

ಯಾರಿಗಾದರೂ ಬೇರೆ ಅಭಿಪ್ರಾಯ ಇದೆಯಾ ಎಂದು ಟೋರ್ಬ್ಯಾರ್ನ್ ಕೇಳಲಿಲ್ಲ. ಮೇಜಿನ ಫೋನೆತ್ತಿ ಆ ಕಚೇರಿಯ ಯಂತ್ರ ನೋಡಿಕೊಳ್ಳುವವನನ್ನು ಹಿಡಿದ. ಅವಳು ಅವನಲ್ಲಿ ಎಂದೂ ಕೇಳದಿದ್ದ ದನಿಯಲ್ಲಿ, “ಈಗ, ಈಗಲೇ, ನಾನು ಫೋನಿಡೋ ಮುಂಚೆ,” ಎಂದ. ಇನ್ನೊಂದು ಕೈಯಲ್ಲಿ ತನ್ನ ಮೊಬೈಲಿನಿಂದ ಪೊಲೀಸರಿಗೆ ಕರೆ ಹಾಕಿ ಅವಳ ಕೈಗಿತ್ತ. ವೆಂಡ್ಲಾ ವಿಳಾಸ ಹೇಳಿದಳು. ಗಾಡಿ ಕಳಿಸುತ್ತೇವೆ ಎಂದರು. ಹತ್ತಿರದ ಗಾಡಿ ಹೆದ್ದಾರಿಯ ಅಪಘಾತದ ಬಳಿ ಇದೆಯೆಂದೂ ಅಂದರು.

“ನನ್ನ ಕಾರು ಕೆಳಗಿದೆ, ನಡಿ,” ಎಂದ ಮೋನ್ಸ್.

ಕಾಪು ಕುಟುಂಬವನ್ನೆಲ್ಲ ಹಳೆಯ ಪ್ರತಿಯಿಂದ ಹಿಂದಕ್ಕೆ ಹಾಕಿದ್ದಾಯಿತೆಂದು ಟೋರ್ಬ್ಯಾರ್ನ್‌ನ ಸಂದೇಶ ಬಂದಾಗ ಅವರಿನ್ನೂ ಮೊದಲ ಸಿಗ್ನಲ್ಲಿನಲ್ಲಿದ್ದರು. ಇನ್ನು ಯಾರು ಕೇಳಿದರೂ ಕೊಡಲಾಗದು ಎಂಬ ಉತ್ತರ. ನಿನ್ನೆ ಕೊಟ್ಟದ್ದನ್ನು ಮಾತ್ರ ಯಾವ ಯಂತ್ರಕ್ಕೂ ಹಿಂದಕ್ಕೆ ಪಡೆಯಲಾಗದು.

ಅಮ್ಮ ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತು. ವೆಂಡ್ಲಾ ಕರೆ ಮಾಡಿದಾಗ ಎರಡನೇ ರಿಂಗಿಗೇ ಎತ್ತಿದಳು.

“ಏನೇ, ಇಷ್ಟೊತ್ತಲ್ಲಿ? ಕೆಲಸ ಇಲ್ವಾ?”

“ಅಮ್ಮ, ಕಿಟಕಿ ಹತ್ರ ಹೋಗ್ಬೇಡ. ದೀಪ ಹಾಕಿದೀಯಾ?”

ಅಮ್ಮನ ದನಿ ತಗ್ಗಿತು. ಆ ದನಿ ವೆಂಡ್ಲಾಗೆ ಚಿಕ್ಕಂದಿನಿಂದ ಪರಿಚಯ.

“ಎದುರಿಗೆ ಒಂದು ಕಾರು ನಿಂತಿದೆ, ನಾನು ಬರುವಾಗಲೂ ಇತ್ತು. ಇಂಜಿನ್ ಆರಿಸಿಲ್ಲ. ನಮ್ಮ ಬೀದಿಯೋರಾದ್ರೆ ಹಾಗೆ ಮಾಡಲ್ಲ ಅಂದ್ಕೊಂಡೆ. ಒಳಗೆ ಯಾರೂ ಕಾಣಿಸ್ಲಿಲ್ಲ, ಕಾರಿನ ಬಾಗಿಲು ಅರ್ಧ ತೆರೆದಿತ್ತು.”

“ನೆಲಮಾಳಿಗೆಗೆ ಇಳಿ. ಬಟ್ಟೆ ಒಗೆಯೋ ಕೋಣೆ ದಾಟಿ ಪಕ್ಕದ ಮೆಟ್ಟಿಲಿಂದ ಹಿಂದಿನ ಅಂಗಳಕ್ಕೆ ಬಾ. ನಾವಲ್ಲಿಗೇ ಬರ್ತಿದೀವಿ. ಲಿಫ್ಟ್ ಬೇಡ.”

“ಆಯ್ತು.” ಯಾಕೆ, ಹೇಗೆ ಎಂದು ಅಮ್ಮ ಕೇಳಲಿಲ್ಲ. ಬೀಗದ ಕೈ ತೆಗೆದ ಸದ್ದು, ಚಿಲಕದ ಸದ್ದು. ಮತ್ತೆ ನಿಂತಳು. “ಹೊರಗೆ ಹಿಮ ಇದೆ ಕಣೇ. ಬೂಟು ಹಾಕ್ಕೊಳ್ಳೋಷ್ಟು ಹೊತ್ತಿದೆಯಾ?”

ವೆಂಡ್ಲಾ ಮೋನ್ಸ್‌ನ ಕಡೆ ನೋಡಿದಳು. ಅವನು ಕೆಂಪು ದೀಪ ದಾಟುತ್ತಿದ್ದ.

“ಇಲ್ಲ,” ಎಂದಳು. “ಹಾಗೇ ಬಾ.”

ಫೋನಿನಲ್ಲಿ ಬರಿಗಾಲಿನ ಸದ್ದು ಮೆಟ್ಟಿಲಿಳಿಯತೊಡಗಿತು. ಆಮೇಲೆ ಮೇಲೆ, ಮೂರನೇ ಮಹಡಿಯಲ್ಲಿ ಲಿಫ್ಟ್ ನಿಂತ ಸದ್ದು; ಮೆಲ್ಲಗೆ, ಮರ್ಯಾದೆಯಿಂದ, ಯಾರೋ ಅವರ ಬಾಗಿಲು ತಟ್ಟಿದರು.