ಮೆಟ್ಟಿಲಮ್ಮನ ಕೋಟು

ನಮ್ಮ ಟೈಲರ್ ಅಂಗಡಿಯಲ್ಲಿ ಪ್ರತಿ ವರ್ಷದ ಕೊನೆಗೆ ಒಂದು ಪ್ರಶಸ್ತಿ ಘೋಷಣೆಯಾಗುತ್ತಿತ್ತು. ತೀರ್ಪುಗಾರರು ಇಬ್ಬರೇ: ಕತ್ತರಿ ಹಿಡಿಯುತ್ತಿದ್ದ ಅಪ್ಪ, ಕಾಜಾ ಗುಂಡಿ ನೋಡಿಕೊಳ್ಳುತ್ತಿದ್ದ ಅವನ ಅಕ್ಕ, ಅಂದರೆ ನನ್ನ ಅತ್ತೆ. ಅತ್ತೆ ಮದುವೆಯಾಗಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದ್ದೂ ಅವಳೇ, ಅಂಗಡಿಯನ್ನು ನಿಲ್ಲಿಸಿಕೊಂಡಿದ್ದೂ ಅವಳೇ. ಭಾನುವಾರ ಅಂಗಡಿಗೆ ರಜೆ. ಮಧ್ಯಾಹ್ನದ ಆಟಕ್ಕೆ ನಾವು ಮೂವರೂ ಹೋಗುತ್ತಿದ್ದೆವು. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಬಂದ ಚಿತ್ರ ನೋಡುವುದು, ಅಷ್ಟೇ.

ಪ್ರಶಸ್ತಿ ನಾಯಕ ನಾಯಕಿಯರಿಗಲ್ಲ. "ಅವರಿಗೆ ಹಾರ ಹಾಕೋಕೆ ಊರೇ ಇದೆ" ಎನ್ನುತ್ತಿದ್ದ ಅಪ್ಪ. ಖಳನಾಯಕರಿಗೂ ಇಲ್ಲ, ಅವರಿಗೆ ಬೇಕಾದಷ್ಟು ಮಾತಿರುತ್ತದೆ. ಪಕ್ಕದಲ್ಲಿ ಬಂದು ಹೋಗುವವರು ಮಾತ್ರ ಲೆಕ್ಕಕ್ಕೆ. ಒಂದು ವರ್ಷ ಗೆದ್ದವನು ಕಚೇರಿಯ ಗುಮಾಸ್ತನ ಪಾತ್ರದವನು. ನಾಯಕ ಅವನ ಮೇಜಿನ ಮುಂದೆ ಗೋಳೋ ಎಂದು ಅಳುತ್ತಿರುವಾಗ ಅವನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದ. ಕುರ್ಚಿ ಕೆಳಗೆ ಬಗ್ಗಿ ನೋಡಿದ, ಜೇಬು ತಡಕಿದ, ಕೊನೆಗೆ ತನ್ನ ಬಾಯಲ್ಲೇ ಇದ್ದುದನ್ನು ತೆಗೆದು ಪೆನ್ನಿಗೆ ಹಾಕಿದ. ಅಪ್ಪ ಅದನ್ನು ಗಿರಾಕಿಗಳಿಗೆಲ್ಲ ಅಭಿನಯಿಸಿ ತೋರಿಸುತ್ತಿದ್ದ. ಇನ್ನೊಂದು ವರ್ಷ ಒಬ್ಬ ಟ್ಯಾಕ್ಸಿ ಚಾಲಕ. ಹಿಂದಿನ ಸೀಟಿನಲ್ಲಿ ಇಬ್ಬರು ಬೇರೆಯಾಗುವ ಮಾತಾಡುತ್ತಿದ್ದರೆ ಇವನು ಕನ್ನಡಿಯಲ್ಲಿ ಒಂದೇ ಒಂದು ಸಲ ನೋಡಿ, ನಿಧಾನಕ್ಕೆ ರೇಡಿಯೋ ಆರಿಸುತ್ತಾನೆ.

ಗೆದ್ದವರಿಗೆ ಬಹುಮಾನವೂ ಇತ್ತು. ಪರದೆಯ ಮೇಲೆ ಕಂಡ ಮೈಕಟ್ಟನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಿ ಅಪ್ಪ ಅವರಿಗೊಂದು ಅಂಗಿ ಹೊಲಿಯುತ್ತಿದ್ದ. ಅದನ್ನು ಗಾಜಿನ ಕಪಾಟಿನಲ್ಲಿ ನೇತುಹಾಕುತ್ತಿದ್ದೆವು. ತೆಗೆದುಕೊಂಡು ಹೋಗಲು ಯಾರೂ ಬರುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಹೊಸ ಗಿರಾಕಿಗಳು ಮಾತ್ರ "ಇದ್ಯಾರದ್ದು, ಡೆಲಿವರಿ ಆಗಿಲ್ವಾ?" ಎಂದು ಕೇಳುತ್ತಿದ್ದರು.

ನಾನು ಕಾಲೇಜು ಬಿಟ್ಟು ಅಂಗಡಿಯಲ್ಲಿ ಯಂತ್ರದ ಮುಂದೆ ಕೂರಲು ಶುರುಮಾಡಿದ ವರ್ಷ, ಅಕ್ಕ ತಮ್ಮನ ನಡುವೆ ಜಗಳವಾಯಿತು. ಅಪ್ಪ ಒಬ್ಬ ಹಾಸ್ಯನಟನಿಗೆ ಮನಸೋತಿದ್ದ. ಅತ್ತೆ ಆರಿಸಿದ್ದು ಒಬ್ಬ ಹೆಂಗಸನ್ನು. ಆ ಚಿತ್ರದಲ್ಲಿ ಅವಳು ಮನೆಯೊಡೆಯನ ತಂಗಿ. ಮಹಡಿಯ ಮೇಲೆ ಅಣ್ಣ ಅತ್ತಿಗೆ ಜೋರುಜೋರಾಗಿ ಮಾತಾಡುತ್ತಿದ್ದಾರೆ. ಇವಳು ಮಡಿಸಿದ ಬಟ್ಟೆಗಳ ರಾಶಿ ಎದೆಗೊತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದಾಳೆ. ಅರ್ಧಕ್ಕೆ ಬಂದಾಗ ಮಾತು ತನ್ನ ಬಗ್ಗೆಯೇ ಎಂದು ತಿಳಿಯುತ್ತದೆ. ನಿಲ್ಲುತ್ತಾಳೆ. ಒಂದು ಕಾಲನ್ನು ಹಿಂದಿನ ಮೆಟ್ಟಿಲಿಗೆ ಇಡುತ್ತಾಳೆ. ಆಮೇಲೆ ಸದ್ದಾಗದಂತೆ ಇಳಿದು ಹೋಗುತ್ತಾಳೆ. ಒಂದೂ ಮಾತಿಲ್ಲ. ಚಿತ್ರದಲ್ಲಿ ಮತ್ತೆ ಅವಳು ಕಾಣುವುದೂ ಇಲ್ಲ.

"ಅವಳೇನು ಮಾಡಿದ್ಲೇ ಅಕ್ಕ? ಮೆಟ್ಟಿಲ ಮೇಲೆ ನಿಂತ್ಲು, ಇಳಿದ್ಲು. ಅಷ್ಟು ನಾನೂ ಮಾಡ್ತೀನಿ."

"ನೀನು ನಿಂತಿದ್ರೆ ಮೆಟ್ಟಿಲೇ ಓಡಿಹೋಗ್ತಿತ್ತು. ನಿನ್ನ ಮುಖದಲ್ಲಿರೋದು ಕಣ್ಣೋ, ಅಂಗಿ ಗುಂಡಿನೋ?"

ಕೊನೆಗೂ ಒಪ್ಪಂದವಾಗಲಿಲ್ಲ. ಅಪ್ಪ ಹಾಸ್ಯನಟನಿಗೆ ಚೌಕುಳಿ ಅಂಗಿ ಹೊಲಿದ. ಅತ್ತೆ ಬೂದು ಬಣ್ಣದ ಒಳ್ಳೆಯ ಬಟ್ಟೆ ತಂದು, ಯಾರಿಗೂ ಮುಟ್ಟಲು ಬಿಡದೆ, ತಾನೇ ಕತ್ತರಿಸಿ ಒಂದು ಕೋಟು ಹೊಲಿದಳು. ಜೇಬುಗಳನ್ನು ಆಳವಾಗಿ ಇಟ್ಟಳು. "ಆ ಹೆಂಗಸಿಗೆ ಕೈ ಇಟ್ಕೊಳ್ಳೋಕೆ ಒಂದು ಜಾಗ ಬೇಕು" ಎಂದಳು. ಹೆಸರು ಗೊತ್ತಿರದ ಆ ನಟಿಗೆ ನಾವು ಮೆಟ್ಟಿಲಮ್ಮ ಎಂದು ಹೆಸರಿಟ್ಟೆವು.

ಬೇಸಿಗೆ ಶುರುವಾಗಿತ್ತು. ಒಂದು ಬೆಳಿಗ್ಗೆ ತೆಳ್ಳಗಿನ ಹೆಂಗಸೊಬ್ಬರು ಕೈಚೀಲದ ಜಿಪ್ ಕೆಟ್ಟಿದೆ ಎಂದು ಬಂದರು. ಅತ್ತೆ ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ಒಂದು ತೋಳು ಜೋಡಿಸುತ್ತಿದ್ದಳು. ತಲೆ ಎತ್ತಿದವಳು ಹಾಗೇ ನೋಡುತ್ತ ಕುಳಿತಳು. ಸೂಜಿಗಳನ್ನು ಒಂದೊಂದಾಗಿ ತೆಗೆದು ಪುಟ್ಟ ಸೂಜಿದಿಂಬಿಗೆ ಚುಚ್ಚಿದಳು.

"ನೀವು ಮೆಟ್ಟಿಲ ಮೇಲೆ ನಿಂತಿದ್ರಲ್ವಾ?"

ಬಂದವರು ಹೆದರಿ ಹಿಂದೆ ತಿರುಗಿ ಅಂಗಡಿಯ ಮೆಟ್ಟಿಲು ನೋಡಿದರು. "ಯಾಕಮ್ಮಾ, ನಿಲ್ಲಬಾರದಿತ್ತಾ?"

ಅತ್ತೆ ಚಿತ್ರದ ವಿಷಯ ಹೇಳಿದಳು. ಆ ಹೆಂಗಸು ನಗಲು ಹೋದವರು ಅರ್ಧಕ್ಕೇ ನಿಲ್ಲಿಸಿದರು.

"ಅದು ಚಿತ್ರದಲ್ಲಿ ಉಳ್ಕೊಂಡಿದ್ಯಾ? ನನ್ನ ಪಾತ್ರ ಪೂರ್ತಿ ಕತ್ತರಿಸಿದ್ರು ಅಂತ ಯಾರೋ ಹೇಳಿದ್ರು. ನಾನು ನೋಡೋಕೇ ಹೋಗ್ಲಿಲ್ಲ."

ಬಹಳ ವರ್ಷ ಸಣ್ಣಪುಟ್ಟ ಪಾತ್ರ ಮಾಡಿ, ಇನ್ನು ಸಾಕೆಂದು ಕೈತೊಳೆದುಕೊಂಡು, ನಮ್ಮ ಬೀದಿಯ ಕೊನೆಯಲ್ಲಿದ್ದ ಅಣ್ಣನ ಬೇಕರಿಯಲ್ಲಿ ಗಲ್ಲಾ ನೋಡಿಕೊಳ್ಳಲು ಬಂದಿದ್ದರಂತೆ, ಇದ್ದದ್ದೂ ಅಣ್ಣನ ಮನೆಯಲ್ಲೇ. ಅಪ್ಪ ಎದ್ದು ಕಪಾಟಿನ ಬಾಗಿಲು ತೆರೆದು ಕೋಟು ತೆಗೆದ. ನಮ್ಮ ಪ್ರಶಸ್ತಿಯ ಕಥೆ ಕೇಳಿ ಅವರು ಮೊದಲು ನಕ್ಕರು, ಆಮೇಲೆ ಕೋಟು ತೊಟ್ಟರು. ಭುಜ ಹೇಳಿ ಮಾಡಿಸಿದಂತೆ ಕೂತಿತು. ತೋಳು ಬೆರಳುಗಳನ್ನೆಲ್ಲ ಮುಚ್ಚಿತು.

"ಉದ್ದ!" ಎಂದು ಅಪ್ಪ ಕುಣಿದಾಡುವುದೊಂದು ಬಾಕಿ. "ನೋಡಿದ್ಯಾ ಅಕ್ಕ, ಉದ್ದ!"

"ಅವರು ಬಟ್ಟೆ ಹೊತ್ಕೊಂಡಿದ್ರು ಕಣೋ. ಮಡಚಿದ ಕೈನ ಅಳತೆ ಯಾರಿಗೆ ಸಿಗುತ್ತೆ? ಕೊಡಿ, ಈಗ್ಲೇ ಸರಿ ಮಾಡ್ತೀನಿ."

ಅವರು ಕೊಡಲಿಲ್ಲ. ತೋಳು ಮಡಚಿಕೊಂಡು, ಕೈಗಳನ್ನು ಜೇಬಿನೊಳಗೆ ಇಳಿಸಿ, ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು.

ಒಮ್ಮೆ ಓಡಿ ಮುಗಿದ ಚಿತ್ರಗಳನ್ನು ಮರುಪ್ರದರ್ಶನ ಮಾಡುವ ಟಾಕೀಸೊಂದು ಪಕ್ಕದ ಊರಿನಲ್ಲಿತ್ತು. ಕೆಲವು ವಾರಗಳ ನಂತರ ಆ ಚಿತ್ರ ಅಲ್ಲಿಗೆ ಬಂದಿದೆಯೆಂದು ಅಪ್ಪನೇ ಸುದ್ದಿ ತಂದ. ಅಂದು ಮಧ್ಯಾಹ್ನ ಅಂಗಡಿ ಮುಚ್ಚಿ ನಾಲ್ವರೂ ಬಸ್ಸು ಹತ್ತಿದೆವು. ಮೆಟ್ಟಿಲಮ್ಮ ಸಾಲಿನ ಅಂಚಿನ ಸೀಟೇ ಬೇಕೆಂದರು. ಎದ್ದು ಹೋಗಬೇಕೆನಿಸಿದರೆ ಸುಲಭವಾಗಲಿ ಎಂದಿರಬೇಕು. ಮಹಡಿಯ ಜಗಳದ ದನಿ ಕೇಳಿಸುತ್ತಿದ್ದ ಹಾಗೇ ಅವರ ಕೈ ಅತ್ತೆಯ ಮಣಿಕಟ್ಟು ಹಿಡಿದದ್ದು ನನಗೆ ಕಂಡಿತು. ಪರದೆಯ ಮೇಲಿನ ಹೆಂಗಸು ನಿಂತಳು, ಕಾಲು ಹಿಂದಿಟ್ಟಳು, ಇಳಿದಳು. ಮುಂದಿನ ಸಾಲಿನಲ್ಲಿ ಯಾರೋ ಒಬ್ಬಾಕೆ "ಅಯ್ಯೋ ಪಾಪ" ಎಂದು ಮೆಲ್ಲಗೆ ಅಂದಳು. ಮೆಟ್ಟಿಲಮ್ಮ ಬೆಚ್ಚಿ ಆ ಕಡೆ ನೋಡಿದರು. ಉಳಿದ ಚಿತ್ರವೆಲ್ಲ ಅವರು ನೋಡಿದ್ದು ಪರದೆಯನ್ನಲ್ಲ, ಆ ಅಪರಿಚಿತಳ ತಲೆಯ ಹಿಂಭಾಗವನ್ನು.

ಹೊರಗೆ ಬಂದು ಬಸ್ಸಿಗೆ ಕಾಯುತ್ತಿದ್ದಾಗ ಅವರಿಗೆ ನಗು ಬಂತು. "ಒಂದು ನಿಜ ಹೇಳ್ಲಾ? ಆ ಮೆಟ್ಟಿಲು ಹಲಗೇದು. ಅಲುಗಾಡ್ತಿತ್ತು. ನಾನು ಕಾಲು ಹಿಂದೆ ಇಟ್ಟಿದ್ದು ಬಿದ್ದುಹೋಗ್ತೀನಿ ಅಂತ ಹೆದರಿ!"

ಅಪ್ಪನಿಗೆ ಹಬ್ಬವೇ ಆಯಿತು. "ಕೇಳಿದ್ಯೇನೇ ಅಕ್ಕ? ನಿನ್ನ ಪ್ರಶಸ್ತಿ ಬಡಗಿಗೆ ಸೇರಬೇಕಿತ್ತು!"

ಅತ್ತೆ ಅಲುಗಾಡಲಿಲ್ಲ. "ಕಾಲು ಬಿಡಿ. ಮುಖ? ಮುಖಾನೂ ಹಲಗೆ ಅಲುಗಾಡಿದ್ದಕ್ಕೇನಾ?"

ಮೆಟ್ಟಿಲಮ್ಮನ ನಗು ಮೆಲ್ಲಗೆ ಇಳಿಯಿತು. ರಸ್ತೆಯಾಚೆ ಯಾರೋ ಅಂಗಡಿಯ ಮುಂದೆ ನೀರು ಚೆಲ್ಲುತ್ತಿದ್ದರು. ಅದನ್ನೇ ನೋಡುತ್ತ ಹೇಳಿದರು: "ಇಲ್ಲ. ಮುಖ ನಂದೇ. ನಮ್ಮಣ್ಣನ ಮನೇಲಿ ಒಂದ್ಸಲ ಹಾಗೇ ನಿಂತಿದ್ದೆ."

ಅಪ್ಪ ಕೆಮ್ಮಿ ಬಸ್ಸು ಬರುವ ದಿಕ್ಕಿಗೆ ತಿರುಗಿಕೊಂಡ. ಊರಿಗೆ ಮುಟ್ಟಿದ ಮೇಲೆ, ಬೇಕರಿಯ ತಿರುವಿನಲ್ಲಿ ಅತ್ತೆ, "ಅಂಗಡಿ ಮೇಲಿನ ರೂಮು ಸುಮ್ನೆ ಬಿದ್ದಿದೆ. ಬಟ್ಟೆ ಥಾನುಗಳನ್ನೆಲ್ಲ ಕೆಳಗಿಳಿಸಿದ್ರೆ ಒಂದು ಮಂಚ ಹಿಡಿಯುತ್ತೆ" ಎಂದಳು. ಮುಂದಿನ ವಾರವೇ ನಾನು ಮತ್ತು ಅಪ್ಪ ಥಾನುಗಳನ್ನು ಹೊತ್ತು ಕೆಳಗಿಳಿಸಿದೆವು.

ಮೇಲಿನ ರೂಮಿಗೆ ಬಂದ ಮೇಲೂ ಬೇಕರಿಯ ಕೆಲಸ ಅವರು ಬಿಡಲಿಲ್ಲ. ಕೆಲಸ ಮುಗಿಸಿ ಬರುವಾಗ ಮುರಿದ ಬಿಸ್ಕತ್ತಿನ ಪೊಟ್ಟಣ ತರುತ್ತಿದ್ದರು. ಭಾನುವಾರ ನಮ್ಮ ಜೊತೆ ಚಿತ್ರಕ್ಕೆ ಬರುತ್ತಿದ್ದರು. ಹೀಗೆ ತೀರ್ಪುಗಾರರು ಮೂವರಾದರು, ಅವರಲ್ಲಿ ಅತ್ಯಂತ ನಿರ್ದಯಿ ಮೆಟ್ಟಿಲಮ್ಮನೇ. "ಇವನಿಗೆ ಕ್ಯಾಮೆರಾ ಎಲ್ಲಿದೆ ಅಂತ ಗೊತ್ತು, ಬಿಟ್ಹಾಕಿ" ಎನ್ನುವರು. ಅಪ್ಪ ಕಣ್ಣೀರು ಒರೆಸಿಕೊಂಡು ಮೆಚ್ಚಿದ ಎಷ್ಟೋ ಜನ ಹಾಗೆ ಒಂದೇ ಮಾತಿಗೆ ಬಿದ್ದುಹೋದರು.

ಅಪ್ಪ, ಅತ್ತೆ ಇಬ್ಬರೂ ಈಗಿಲ್ಲ. ಅವರನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಒಂದು ಸಂಜೆ. ಆ ವರ್ಷ ಹಳೆಯ ಪರಿಚಯದ ನಿರ್ದೇಶಕರೊಬ್ಬರು ಕರೆದರೆಂದು ಮೆಟ್ಟಿಲಮ್ಮ ಹೋಗಿ ಒಂದು ಪಾತ್ರ ಮಾಡಿ ಬಂದಿದ್ದರು. ಪಕ್ಕದ ಮನೆಯಾಕೆಯ ಪಾತ್ರ, ಈ ಸಲ ಮಾತೂ ಇತ್ತು. ಚಿತ್ರ ನಮ್ಮೂರಿಗೆ ಬಂದ ದಿನವೇ ನೋಡಿಕೊಂಡು ನಾಲ್ವರೂ ನಡೆದು ಬರುತ್ತಿದ್ದೆವು. ಯಾರೂ ಬಾಯಿ ಬಿಡುತ್ತಿಲ್ಲ.

"ಹೇಳ್ರಪ್ಪಾ" ಎಂದರು ಮೆಟ್ಟಿಲಮ್ಮ. "ಆಯ್ತು, ನಾನೇ ಹೇಳ್ತೀನಿ. ಆ ಪಕ್ಕದ ಮನೆಯವಳು ಜಾಸ್ತಿ ಮಾಡಿದ್ದಾಳೆ. ಹುಬ್ಬು ಒಂದು ಕಡೆ, ಕೈ ಒಂದು ಕಡೆ."

"ಹೌದು, ಜಾಸ್ತೀನೇ" ಎಂದಳು ಅತ್ತೆ, ಇಷ್ಟು ಹೊತ್ತು ಹಿಡಿದಿಟ್ಟ ಉಸಿರು ಬಿಟ್ಟು.

ಅಪ್ಪ ನಡುರಸ್ತೆಯಲ್ಲಿ ನಿಂತುಬಿಟ್ಟ. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಪಕ್ಕದಿಂದ ಹೋದ. "ನೀವಿಬ್ಬರೂ ಏನು ಬೇಕಾದ್ರೂ ಹೇಳ್ಕೊಳ್ಳಿ. ಈ ವರ್ಷ ನನ್ನ ಓಟು ಅವಳಿಗೇ. ನಂಗೆ ಆ ಹುಬ್ಬು ತುಂಬಾ ಹಿಡಿಸ್ತು."

ಮೆಟ್ಟಿಲಮ್ಮ ನಗಲು ಶುರುಮಾಡಿದರು. ನಕ್ಕೂ ನಕ್ಕೂ ರಸ್ತೆ ಪಕ್ಕದ ಮನೆಯ ಗೇಟು ಹಿಡಿದು ನಿಲ್ಲಬೇಕಾಯಿತು. ಒಳಗಿನಿಂದ ಯಾರೋ ಹೊರಗೆ ಬಂದು "ಯಾರು ಬೇಕಿತ್ತು?" ಎಂದು ಕೇಳಿದರು.